ಅನಮೋಡ ಘಟ್ಟ, ಎರಡನೇ ಗೇರು

ಗೋವಾದ ಪೋಂಡಾದಿಂದ ಹುಬ್ಬಳ್ಳಿಗೆ ಹೊರಟರೆ, ಗಾಡಿಯ ಹಿಂದೆ ಕಟ್ಟಿ ಎಳೆಯುವ ಟ್ರೇಲರಿನ ನೀರಿನ ಟ್ಯಾಂಕ್ ಖಾಲಿ ಇಟ್ಟುಕೊಂಡೇ ಹೊರಡುತ್ತೇನೆ. 60 ಲೀಟರ್ ಅಂದರೆ 60 ಕೆಜಿ. ಅದನ್ನು ಸುಮ್ನೆ ಅನಮೋಡ ಘಟ್ಟ ಹತ್ತಿಸಿ ಏನು ಮಾಡೋದು? ಮೇಲೆ ರಾಮನಗರದಲ್ಲಿ ನೀರು ಸಿಗುತ್ತದೆ. ನಮ್ಮ ಯಜಮಾನರಿಗೆ ಇದು ಜಿಪುಣತನ. "ಇಷ್ಟು ದೊಡ್ಡ ಡೀಸೆಲ್ ಗಾಡಿ, ನೀರಿಗೆ ಹೆದರುತ್ತಾ?" ಅಂತಾರೆ. ಹೆದರಲ್ಲ, ಬಿಸಿಯಾಗುತ್ತದೆ.

ಘಟ್ಟದಲ್ಲಿ ಲೆಕ್ಕಕ್ಕೆ ಬರುವುದು ಆ ಬಿಸಿಯೇ. ನೂರು ಮೀಟರಿಗೆ ಐದು ಮೀಟರ್ ಏರುವ ದಾರಿಯಲ್ಲಿ ಪ್ರತಿ ಸಾವಿರ ಕೆಜಿಗೂ ಒಂದು ಸಿಮೆಂಟ್ ಚೀಲದಷ್ಟು, ಅಂದರೆ 50 ಕೆಜಿ, ಹಿಂದಕ್ಕೆ ಜಗ್ಗುತ್ತಿರುತ್ತದೆ. ನಮ್ಮ ಟ್ರೇಲರ್ ಸಾಮಾನು ಸೇರಿ ಸುಮಾರು 700 ಕೆಜಿ. ಎಂಜಿನ್ ಎಳೆಯುತ್ತದೆ, ಅನುಮಾನ ಬೇಡ. ಆದರೆ ವೇಗ ಕಡಿಮೆ, ರೇಡಿಯೇಟರಿಗೆ ತಾಗುವ ಗಾಳಿಯೂ ಕಡಿಮೆ. ಮೂರನೇ ಗೇರಿನಲ್ಲಿ ತಿಣುಕುತ್ತಾ ಹೋದರೆ ಎಂಜಿನ್ ತಣಿಸುವ ನೀರಿನ ಪಂಪೂ ನಿಧಾನ ತಿರುಗುತ್ತದೆ. ಅದಕ್ಕೇ ಮೊಲ್ಲೆಂ ದಾಟಿ ಏರು ಶುರುವಾಗುವ ಮೊದಲೇ ಎರಡನೇ ಗೇರಿಗೆ ಇಳಿಸಿ, 2000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಹತ್ತಿರ ಹಿಡಿದುಕೊಳ್ಳುತ್ತೇನೆ. ಎಸಿ ಬಂದ್. ಬಿಸಿ ತೋರಿಸುವ ಮುಳ್ಳು ಇನ್ನೂ ಏರಿದರೆ ಹೀಟರ್ ಪೂರ್ತಿ ಆನ್. ಎಂಜಿನ್ನಿನ ಬಿಸಿ ಗಾಡಿಯೊಳಗೆ ಬರುತ್ತದೆ. ಏಪ್ರಿಲ್ ತಿಂಗಳಲ್ಲಿ ಯಜಮಾನರ ಮುಖ ನೋಡಬೇಕು!

ಟ್ರೇಲರ್ ಎಳೆಯುವ ಅಮೆರಿಕದವರ ವಿಡಿಯೊಗಳಲ್ಲಿ ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ ಎಂಜಿನ್ ಶಕ್ತಿ ಕುಂದುವ ಮಾತೇ ಜಾಸ್ತಿ. ಕೊಲೊರಾಡೊದ ಐಸೆನ್‌ಹೋವರ್ ಸುರಂಗ ಇರುವುದು 3,400 ಮೀಟರ್ ಎತ್ತರದಲ್ಲಿ. ಅವರಿಗೆ ಅದು ನಿಜ. ನಮ್ಮ ಘಟ್ಟ ಸಾವಿರ ಮೀಟರೂ ಮುಟ್ಟಲ್ಲ.

ನನಗೆ ಇಷ್ಟವಿಲ್ಲದ್ದು ತಿರುವಿನಲ್ಲಿ ನಿಲ್ಲುವುದು. ಮುಂದೆ ಲಾರಿ ಕೆಟ್ಟು ನಿಂತರೆ ಹ್ಯಾಂಡ್‌ಬ್ರೇಕ್ ಎಳೆಯುತ್ತೇನೆ, ಯಜಮಾನರು ಇಳಿದು ಟ್ರೇಲರ್ ಗಾಲಿಗೆ ಕಲ್ಲು ಕೊಡುತ್ತಾರೆ. ಹೊರಟ ಮೇಲೆ ಆ ಕಲ್ಲನ್ನು ಪಕ್ಕಕ್ಕೆ ಸರಿಸಿಯೇ ಹತ್ತುತ್ತಾರೆ. ಎಷ್ಟೋ ಜನ ರಸ್ತೆ ಮಧ್ಯವೇ ಬಿಟ್ಟು ಹೋಗುತ್ತಾರೆ, ರಾತ್ರಿ ಬೈಕಿನವರ ಗತಿ ಏನು?

ಆಚೆ ಕಾಡಿನಲ್ಲಿ, ಕುಳೆಂನಿಂದ ಕ್ಯಾಸಲ್‌ರಾಕಿಗೆ ಹತ್ತುವ ರೈಲಿಗೂ ಇದೇ ಪಾಡು. ಅಲ್ಲಿ ಏರು 37 ಮೀಟರಿಗೆ ಒಂದೇ ಮೀಟರ್. ಆದರೂ ಹಿಂದಿನಿಂದ ತಳ್ಳಲು ಬೇರೆ ಎಂಜಿನ್ ಕಟ್ಟುತ್ತಾರೆ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗೆ ಹಿಡಿತ ಕಡಿಮೆ, ಅಲ್ವಾ? ಜೊತೆಗೆ ಇಡೀ ರೈಲಿನ ಭಾರ ಮುಂದಿನ ಕೊಂಡಿಗಳ ಮೇಲೇ ಬೀಳಬಾರದು. ನಮಗೆ ತಳ್ಳುವವರಿಲ್ಲ, ಕೊಂಡಿ ಒಂದೇ. ಹಾಗಾಗಿ ಗ್ಯಾಸ್ ಸಿಲಿಂಡರು, ಅಕ್ಕಿ ಚೀಲದಂಥ ಭಾರದ ಸಾಮಾನು ಆಕ್ಸಲ್‌ಗಿಂತ ಸ್ವಲ್ಪ ಮುಂದೆ ಇಡುತ್ತೇನೆ. ಟ್ರೇಲರಿನ ಒಟ್ಟು ತೂಕದ ಹತ್ತನೇ ಒಂದು ಭಾಗವಾದರೂ ಕೊಂಡಿಯ ಮೇಲೆ ಕೂರಬೇಕು. ಹಿಂದೆ ಭಾರವಾದರೆ ಟ್ರೇಲರ್ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ, ಅದೂ ಇಳಿಜಾರಿನಲ್ಲಿ.

ಇಳಿಯುವ ಬಗ್ಗೆ ನನಗೆ ಹೇಳಿಕೊಟ್ಟವರು ಮೊಲ್ಲೆಂ ಚಹಾದಂಗಡಿಯಲ್ಲಿ ಸಿಕ್ಕ ಹಾವೇರಿ ಕಡೆಯ ಲಾರಿ ಡ್ರೈವರ್. "ಅಕ್ಕಾರ, ಯಾವ ಗೇರನ್ಯಾಗ ಹತ್ತತೀರೋ ಅದರಾಗ ಇಳೀರಿ. ಬ್ರೇಕ್ ಮ್ಯಾಲೆ ಕಾಲಿಟ್ಕೊಂಡು ಕುಂಡ್ರಬ್ಯಾಡ್ರಿ, ಸುಟ್ಟ ವಾಸನಿ ಬಂತಂದ್ರ ತಡಾ ಆತಂತ ತಿಳೀರಿ." ಈಗಲೂ ಎರಡನೇ ಗೇರಿನಲ್ಲೇ ಇಳಿಯುತ್ತೇನೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಅಗಲ ಜಾಗ ಸಿಕ್ಕಾಗ ಪಕ್ಕಕ್ಕೆ ಸರಿದು ಬಿಟ್ಟುಕೊಡುತ್ತೇನೆ.

ಮಳೆಗಾಲದಲ್ಲಿ ಮಾತ್ರ ಟ್ರೇಲರ್ ಹೊರಗೆ ತೆಗೆಯಲ್ಲ. ಆ ಮಂಜಿನಲ್ಲಿ ಮುಂದಿನ ಲಾರಿಯ ಕೆಂಪು ದೀಪವೇ ಕಾಣಲ್ಲ. ಆಗ ಕುಳೆಂಗೆ ಹೋಗಿ ರೈಲು ಹತ್ತುತ್ತೇವೆ.