ಚಿನ್ನದ ರೇಕಿನ ಗಾಜು: ಎಡ್ರಿಸ್ ಎಕ್‌ಹಾರ್ಟ್ ತುಳಿದ ದಾರಿಯಲ್ಲಿ

ಎರಡು ಗಾಜಿನ ಹಲ್ಲೆಗಳ, ಅಂದರೆ ಚಪ್ಪಟೆ ತುಂಡುಗಳ, ನಡುವೆ ಚಿನ್ನದ ರೇಕನ್ನು ಹುದುಗಿಸುವ ನನ್ನ ಪ್ರಯೋಗ ಈಗ ಒಂದು ಹಂತಕ್ಕೆ ಬಂದಿದೆ. ಮೈಸೂರು ಶೈಲಿಯ ಚಿತ್ರಗಳಿಗೆ ಬಳಸುವ ಅಪ್ಪಟ ಚಿನ್ನದ ರೇಕನ್ನು ಕಿಟಕಿ ಗಾಜಿನ ಚೂರಿನ ಮೇಲೆ ಹಾಸಿ, ಸೂಜಿಮೊನೆಯಿಂದ ಹಕ್ಕಿಯೊಂದರ ಗೆರೆಗಳನ್ನು ಕೆರೆದು, ಅದೇ ಹಾಳೆಯಿಂದ ಕತ್ತರಿಸಿದ ಇನ್ನೊಂದು ಚೂರನ್ನು ಮೇಲೆ ಹೊದಿಸಿ ವಿದ್ಯುತ್ ಕುಲುಮೆಯಲ್ಲಿ ಇಟ್ಟೆ. ಒಂದೇ ಹಾಳೆಯ ಗಾಜು ಒಂದೇ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದರಿಂದ ತಣಿಯುವಾಗ ಬಿರುಕು ಬಿಡುವ ಭಯ ಕಡಿಮೆ.

ಕಲಾವಿದರು ತಮ್ಮ ಸ್ವಂತ ಕಾರ್ಯಾಗಾರದಲ್ಲಿ ತಾವೇ ಗಾಜಿನ ಕೃತಿಗಳನ್ನು ಮಾಡುವ ‘ಸ್ಟುಡಿಯೋ ಗಾಜುಕಲೆ’ ಚಳವಳಿಯ ಚರಿತ್ರೆಯನ್ನು ಸಾಮಾನ್ಯವಾಗಿ 1962ರ ಮಾರ್ಚ್‌ನಲ್ಲಿ ಅಮೆರಿಕದ ಟೊಲಿಡೊ ಕಲಾ ಮ್ಯೂಸಿಯಂನ ಆವರಣದಲ್ಲಿ ಕಲಾವಿದ ಹಾರ್ವಿ ಲಿಟಲ್‌ಟನ್ ನಡೆಸಿದ ಕಾರ್ಯಾಗಾರದಿಂದ ಆರಂಭಿಸುತ್ತಾರೆ. ಕಾರ್ಖಾನೆಯ ಹೊರಗೆ, ಪುಟ್ಟ ಕುಲುಮೆಯಲ್ಲಿ ಕಲಾವಿದರೇ ಗಾಜು ಕರಗಿಸಿ ಊದಬಹುದೆಂದು ತೋರಿಸಿದ್ದು ದೊಡ್ಡ ಕೆಲಸವೇ ಸರಿ. ಗಾಜಿನ ತಂತ್ರಜ್ಞ ಡೊಮಿನಿಕ್ ಲಬೀನೊ ಕರಗಿಸಲೆಂದು ಒದಗಿಸಿದ, ಫೈಬರ್‌ಗ್ಲಾಸ್ ತಯಾರಿಕೆಯ ಗಾಜಿನ ಗೋಲಿಗಳೂ ನಿವೃತ್ತ ಕುಶಲಕರ್ಮಿ ಹಾರ್ವಿ ಲೀಫ್‌ಗ್ರೀನ್ ಅವರ ನುರಿತ ಉಸಿರೂ ಅದಕ್ಕೆ ಒದಗಿಬಂದವು. ಆದರೆ ಕ್ಲೀವ್‌ಲ್ಯಾಂಡ್‌ನಲ್ಲಿ ಸೆರಾಮಿಕ್ ಶಿಲ್ಪಿ ಎಡ್ರಿಸ್ ಎಕ್‌ಹಾರ್ಟ್ 1953ರಷ್ಟು ಹಿಂದೆಯೇ ಗಾಜಿನ ಪದರಗಳ ನಡುವೆ ಚಿನ್ನದ ರೇಕನ್ನು ಹುದುಗಿಸುವ ಪ್ರಾಚೀನ ರೋಮನ್ನರ ಚಿನ್ನದ ಗಾಜಿನ ವಿಧಾನವನ್ನು ಸ್ವಂತ ಪ್ರಯೋಗಗಳಿಂದ ಮರಳಿ ಪಡೆದಿದ್ದರು. ಬೇಕಾದ ಗಾಜನ್ನೂ ತಾವೇ ಕರಗಿಸಿಕೊಳ್ಳುತ್ತಿದ್ದರು. ಷಿಕಾಗೋದ ಫ್ರಾನ್ಸಿಸ್ ಮತ್ತು ಮೈಕೇಲ್ ಹಿಗಿನ್ಸ್ ದಂಪತಿ 1940ರ ದಶಕದ ಕೊನೆಯಿಂದಲೇ ಗಾಜನ್ನು ಬೆಸೆದು ತಟ್ಟೆ, ಬೋಗುಣಿಗಳನ್ನು ಮಾಡುತ್ತಿದ್ದರು. ಊದುಕೊಳವೆಯೇ ಚಳವಳಿಯ ಗುರುತಾದ ಮೇಲೆ ಕುಲುಮೆಯೊಳಗೆ ಗಾಜು ಬೆಸೆದವರನ್ನೆಲ್ಲ ಮುನ್ನುಡಿಯ ಸಾಲಿಗೆ ಸರಿಸಿಬಿಟ್ಟರು. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ, ಏಕೆಂದರೆ ಕಲಾವಿದ ಒಬ್ಬನೇ ಕೂತು ಗಾಜಿನೊಂದಿಗೆ ಕೆಲಸ ಮಾಡುವ ಕನಸನ್ನು ಅವರು ಆಗಲೇ ನನಸಾಗಿಸಿದ್ದರು.

ಕುಲುಮೆಯಿಂದ ತೆಗೆದ ಹಲ್ಲೆಯಲ್ಲಿ ಆ ವಿಧಾನದ ಸೂಕ್ಷ್ಮ ಕಣ್ಣಿಗೆ ಕಾಣುತ್ತದೆ. ಚಿನ್ನ ಕರಗಲು 1064 ಡಿಗ್ರಿ ಸೆಲ್ಸಿಯಸ್ ಬೇಕು, ಗಾಜು ಬೆಸೆಯಲು ಸುಮಾರು 820 ಸಾಕು. ಹಾಗಾಗಿ ರೇಕು ಕರಗದೆ, ಮೆತ್ತಗಾಗಿ ಹರಡುವ ಗಾಜಿನ ಜೊತೆ ಅಲ್ಲಲ್ಲಿ ಕೂದಲೆಳೆಯಷ್ಟು ಸೀಳಿದೆ. ಹಕ್ಕಿಯ ರೆಕ್ಕೆಯಲ್ಲಿ ಆ ಸೀಳುಗಳು ಗರಿಗಳಿಗೆ ಚೆನ್ನಾಗಿಯೇ ಒಪ್ಪಿವೆ. ಗಾಜಿಗೆ ಗಾಜು ಗಟ್ಟಿಯಾಗಿ ಅಂಟುವುದು ರೇಕಿಲ್ಲದ ಜಾಗದಲ್ಲಾದ್ದರಿಂದ ಸುತ್ತಲೂ ಬರಿಯ ಅಂಚು ಬಿಟ್ಟಿದ್ದೆ. 650 ಡಿಗ್ರಿಯ ಆಸುಪಾಸಿನಲ್ಲಿ ಬಹಳ ಹೊತ್ತು ನಿಲ್ಲಿಸಿದ್ದರಿಂದ ಗಾಳಿ ಬಹುಪಾಲು ಹೊರಹೋಗಿದೆ, ಕೊಕ್ಕಿನ ಬಳಿ ಮಾತ್ರ ಸಣ್ಣ ಗುಳ್ಳೆಗಳಿವೆ.

ಮುಂದಿನ ಹಲ್ಲೆಯಲ್ಲಿ ಮೂರು ಪದರಗಳಿರುತ್ತವೆ, ನಡುವಿನ ಎರಡೂ ಸಂದುಗಳಲ್ಲಿ ಬೇರೆ ಬೇರೆ ಗೆರೆಗಳು. ದಪ್ಪ ಹೆಚ್ಚುವುದರಿಂದ 550 ಡಿಗ್ರಿಯ ಸುತ್ತಮುತ್ತ ಹದಗೊಳಿಸುವ (ಬಿರುಕು ಬಿಡದಂತೆ ಒಳಗಿನ ಬಿಗಿತ ಇಳಿಯಲು ಬಿಡುವ) ಅವಧಿಯನ್ನೂ ಅದಕ್ಕೆ ತಕ್ಕಂತೆ ಹೆಚ್ಚಿಸಲಿದ್ದೇನೆ.