ಹಳೆ ಇಂಟರ್‌ಕಾಂ ಕೇಬಲ್ ಮೇಲೆ 400 ಮೀಟರ್ ಈಥರ್ನೆಟ್: ಹಿರಿಯಡ್ಕದ ಕೆಲಸದ ದಾಖಲೆ

ಜಾಗ: ಉಡುಪಿ ಹತ್ತಿರದ ಹಿರಿಯಡ್ಕದಲ್ಲಿ ಒಂದು ಗೋಡಂಬಿ ಕಾರ್ಖಾನೆ. ಫೈಬರ್ ಇಂಟರ್ನೆಟ್ ಬಂದಿರುವುದು ರಸ್ತೆ ಬದಿಯ ಆಫೀಸಿಗೆ. ಬೀಜ ಒಣಗಿಸುವ ಅಂಗಳವೂ ಗೋದಾಮೂ ಅಡಿಕೆ ತೋಟ ದಾಟಿ, ತೋಡಿನ ಆಚೆ. ಅಲ್ಲಿಗೆ 8 ಕ್ಯಾಮೆರಾ, ಒಂದು ಬಿಲ್ಲಿಂಗ್ ಕಂಪ್ಯೂಟರ್, ಒಂದು ಹಾಜರಿ ಯಂತ್ರಕ್ಕೆ ಸಂಪರ್ಕ ಬೇಕು. ಕ್ಯಾಮೆರಾಗಳ ರೆಕಾರ್ಡರ್ ಇರುವುದು ಆಫೀಸಿನಲ್ಲಿ.

ಮಾಮೂಲಿ ಈಥರ್ನೆಟ್ ಕೇಬಲ್ 100 ಮೀಟರಿಗೆ ಮುಗಿಯುತ್ತದೆ. ವೈರ್‌ಲೆಸ್ ಇಡೋಣವೆಂದರೆ ನಡುವೆ ಅಡಿಕೆ, ಹಲಸು. ಮಳೆಗಾಲದಲ್ಲಿ ಒದ್ದೆ ಎಲೆಗಳು 5 ಗಿಗಾಹರ್ಟ್ಸ್ ಸಿಗ್ನಲನ್ನು ನುಂಗುತ್ತವೆ. ನೆಲ ಅಗೆಯಲು ಸಾಧ್ಯವಿದ್ದರೆ ಎರಡನೇ ಮಾತಿಲ್ಲ, ಫೈಬರ್ ಹಾಕಬೇಕು. ಡಿಎಸ್‌ಎಲ್‌ಗೋಸ್ಕರ (ಫೋನ್ ತಂತಿಯ ಮೇಲೆ ಡೇಟಾ ಕಳಿಸುವ ವಿಧಾನ) ಹೊಸದಾಗಿ ತಾಮ್ರ ಹೂಳುವುದು ದುಡ್ಡು ದಂಡ. ಇಲ್ಲಿ ಒಂದು ಅಡಿ ಕೆಳಗೆ ಮುರಕಲ್ಲು, ಮತ್ತು ಹಳೆ ಇಂಟರ್‌ಕಾಮಿಗೆಂದು ಹೂತ 5 ಜೋಡಿಯ ಜೆಲ್ಲಿ ಕೇಬಲ್ (ನೀರು ತಡೆಯಲು ಒಳಗೆ ಜೆಲ್ಲಿ ತುಂಬಿದ ಫೋನ್ ಕೇಬಲ್) ಆಗಲೇ ಇದೆ. ಹಾಗಾಗಿ ವಿಡಿಎಸ್‌ಎಲ್2, ಡಿಎಸ್‌ಎಲ್‌ನದೇ ಒಂದು ವೇಗದ ಬಗೆ.

ಮೊದಲೇ ಒಂದು ಮಾತು: ಮನೆಯಲ್ಲಿ ಬಿದ್ದಿರುವ ಎರಡು ಹಳೆ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳನ್ನು ಎದುರುಬದುರು ಕಟ್ಟಿದರೆ ಕೆಲಸ ಆಗುವುದಿಲ್ಲ. ಅವೆರಡೂ ಗ್ರಾಹಕರ ತುದಿಯವು. ಎಕ್ಸ್‌ಚೇಂಜ್ ತುದಿಯಾಗಿ ನಡೆದುಕೊಳ್ಳುವ ಶಕ್ತಿ ಅವಕ್ಕಿಲ್ಲ. ಲೈನಿನ ಒಂದು ತುದಿ ಸಿಒ (ಎಕ್ಸ್‌ಚೇಂಜ್ ತುದಿ), ಇನ್ನೊಂದು ಸಿಪಿಇ (ಗ್ರಾಹಕರ ತುದಿ) ಆಗಲೇಬೇಕು. ಈಥರ್ನೆಟ್ ಎಕ್ಸ್‌ಟೆಂಡರ್ ಎಂದೇ ಮಾರುವ ಪೆಟ್ಟಿಗೆಗಳಲ್ಲಿ ಇದನ್ನು ಬದಲಿಸಲು ಡಿಪ್ ಸ್ವಿಚ್ ಎಂಬ ಪುಟ್ಟ ಗುಂಡಿ ಇರುತ್ತದೆ. ಇಲ್ಲಿ ತಂದದ್ದು ಅಂಥ ಎರಡು, ವೆಬ್ ಪುಟದಲ್ಲಿ ಲೈನಿನ ಸ್ಥಿತಿ ತೋರಿಸುವಂಥವು.

ಏಪ್ರಿಲ್ 6: ಅಳತೆ

ಮೋಡೆಮ್ ಪೆಟ್ಟಿಗೆ ಬಿಚ್ಚುವ ಮೊದಲು ಇಡೀ ದಿನ ಕೇಬಲ್‌ಗೆ ಕೊಡಬೇಕು. ಎರಡೂ ತುದಿ ಬಿಡಿಸಿ, ಮೊದಲು ವೋಲ್ಟ್ ನೋಡಿದ್ದು: ಸೊನ್ನೆ. ಎಲ್ಲಾದರೂ ಟೆಲಿಫೋನ್ ಲೈನಿಗೆ ಸೇರಿದ್ದರೆ 48 ವೋಲ್ಟ್ ಆಸುಪಾಸು ಡಿಸಿ ಸಿಗುತ್ತದೆ. ಸಿಕ್ಕರೆ ಆ ಜೋಡಿ ಮುಟ್ಟಬಾರದು. ತಂತಿಗೆ ಅಯಸ್ಕಾಂತ ಹಿಡಿದು ನೋಡಿದ್ದೂ ಆಯಿತು. ಅಂಟಿದರೆ ಒಳಗೆ ಉಕ್ಕು, ಅಂಥ ತಂತಿ ವಿಡಿಎಸ್‌ಎಲ್‌ಗೆ ಬೇಡ. ಇದು ಶುದ್ಧ ತಾಮ್ರ, 0.5 ಮಿಲಿಮೀಟರ್.

ದೂರದ ತುದಿಯಲ್ಲಿ ಜೋಡಿಯನ್ನು ಶಾರ್ಟ್ ಮಾಡಿ ಈ ಕಡೆ ಓಮ್ ಅಳೆದರೆ ಕೇಬಲಿನ ಉದ್ದ ಸಿಗುತ್ತದೆ. 0.5 ಮಿಲಿಮೀಟರ್ ತಾಮ್ರ 20 ಡಿಗ್ರಿಯಲ್ಲಿ ಹೋಗಿಬರಲು ಕಿಲೋಮೀಟರಿಗೆ ಸುಮಾರು 176 ಓಮ್. ಏಪ್ರಿಲ್ ಸೆಕೆಯಲ್ಲಿ, 32 ಡಿಗ್ರಿಗೆ, ಅದು 184ರ ಹತ್ತಿರ. ಬಿಳಿ–ನೀಲಿ ಜೋಡಿ 74 ಓಮ್ ತೋರಿಸಿತು, ಅಂದರೆ 400 ಮೀಟರ್. ಟೇಪ್ ಹಿಡಿದ ಲೆಕ್ಕಕ್ಕೂ ಸರಿಹೊಂದಿತು. ಬಿಳಿ–ಕಿತ್ತಳೆಯೂ 74. ಬಿಳಿ–ಹಸಿರು 91. ಬಿಳಿ–ಕಂದು ಎಲ್ಲೋ ತುಂಡಾಗಿದೆ. ಬಿಳಿ–ಬೂದು 75, ಆದರೆ ಭೂಮಿಗೆ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿದರೆ ಒಂದು ಮೆಗಾಓಮ್ ಕೂಡ ಇಲ್ಲ, ನೀರು ಹೊಕ್ಕಿದೆ.

91 ಓಮಿನ ಜೋಡಿಯಲ್ಲಿ ಯಾವ ತಂತಿಯದು ತಪ್ಪು? ಮೂರನೇ ತಂತಿಯೊಂದನ್ನು ಸೇರಿಸಿ ದೂರದಲ್ಲಿ ಮೂರನ್ನೂ ಶಾರ್ಟ್ ಮಾಡಬೇಕು. ಬಿಳಿ ಒಂದು, ಹಸಿರು ಎರಡು ಎಂದಿಟ್ಟುಕೊಂಡರೆ, ಒಂದು–ಎರಡು 91, ಒಂದು–ಮೂರು 74, ಎರಡು–ಮೂರು 91 ಬಂತು. ಮೊದಲ ತಂತಿ = 91 ಕೂಡಿಸು 74 ಕಳೆ 91, ಅದರ ಅರ್ಧ: 37 ಓಮ್. ಉಳಿದ 54 ಎರಡನೆಯದು. ಅಂದರೆ ಹಸಿರು ತಂತಿಯಲ್ಲಿ 17 ಓಮ್ ಹೆಚ್ಚು, ಅಷ್ಟೂ ಒಂದು ಕೊಳೆತ ಜಾಯಿಂಟ್‌ನದು. ಹೀಗೆ ಒಂದು ಕಾಲು ಕುಂಟಾದ ಜೋಡಿ ಮಾತಿಗೆ ನಡೆದೀತು, ಡಿಎಸ್‌ಎಲ್‌ಗೆ ನಡೆಯದು. ಎರಡು ತಂತಿ ಸಮ ಇದ್ದರೆ ಮಾತ್ರ ಹೊರಗಿನ ಗದ್ದಲ ಒಂದನ್ನೊಂದು ಹೊಡೆದುಹಾಕುತ್ತದೆ.

ಕೊನೆಗೆ ಕೆಪಾಸಿಟೆನ್ಸ್, ಅಂದರೆ ಜೋಡಿಯ ಎರಡು ತಂತಿ ನಡುವೆ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬುದು. ತುದಿ ಬಿಡಿಯಿಟ್ಟು ಅಳೆದಾಗ ಜೆಲ್ಲಿ ಕೇಬಲ್ ಕಿಲೋಮೀಟರಿಗೆ 50 ನ್ಯಾನೋಫ್ಯಾರಡ್ ಆಸುಪಾಸು ಕೊಡಬೇಕು, 400 ಮೀಟರಿಗೆ 20. ಬಿಳಿ–ನೀಲಿಯಲ್ಲಿ 16, ಬಿಳಿ–ಕಿತ್ತಳೆಯಲ್ಲೂ 16. ಓಮ್ ಸರಿ, ಇನ್ಸುಲೇಷನ್ ಸರಿ, ಆದರೂ ಕಡಿಮೆ. ಇಂಥ ಕೇಬಲ್‌ನಲ್ಲಿ ಇದಕ್ಕೆ ಒಂದೇ ಅನುಮಾನ: ಜೋಡಿ ಅದಲುಬದಲು. ಐದು ಜೋಡಿಗೂ ಒಂದು ತಂತಿ ಬಿಳಿಯೇ. ಜಾಯಿಂಟ್‌ನಲ್ಲಿ ತಿರುಚು ಬಿಚ್ಚಿದ ಮೇಲೆ ಯಾವ ಬಿಳಿ ಯಾರದು ಎಂದು ಕಣ್ಣಿಗೆ ತಿಳಿಯುವುದಿಲ್ಲ. ನೀಲಿಯ ಬಿಳಿಯನ್ನು ಕಿತ್ತಳೆಯ ಬಿಳಿಯ ಜಾಗಕ್ಕೆ ಕಟ್ಟಿದರೂ ಇಂಟರ್‌ಕಾಂ ಚೆನ್ನಾಗಿಯೇ ಮಾತಾಡುತ್ತದೆ. ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ.

ಏಪ್ರಿಲ್ 13: ಜಾಯಿಂಟ್

ತೋಡಿನ ಪಕ್ಕದ ಕಟ್ಟೆಯ ಮೇಲೆ ಒಂದು ಜಂಕ್ಷನ್ ಪೆಟ್ಟಿಗೆ. ತೆರೆದರೆ ಇರುವೆ ಗೂಡು, ಹಸಿರುಗಟ್ಟಿದ ತಾಮ್ರ, ಕೈಯಲ್ಲಿ ತಿರುಚಿ ಇನ್ಸುಲೇಷನ್ ಟೇಪ್ ಸುತ್ತಿದ ಕಟ್ಟುಗಳು. ನಮ್ಮ ಕರಾವಳಿಯ ಗಾಳಿಯಲ್ಲಿ ಟೇಪ್ ಸುತ್ತಿದ ಜಾಯಿಂಟ್ ಎರಡು ಮಳೆಗಾಲ ಕಾಣುವುದಿಲ್ಲ.

ಎಲ್ಲ ಕತ್ತರಿಸಿ ಹೊಸದಾಗಿ ಕಟ್ಟಿದ್ದು. ಬೇಕಾದ್ದು ಒಳಗೆ ಜೆಲ್ಲಿ ತುಂಬಿದ ಯುವೈ ಕನೆಕ್ಟರ್ 10, ಅದನ್ನು ಒತ್ತುವ ಇಕ್ಕಳ, ನೀರು, ಧೂಳು ಹೊಗದ ಒಂದು ಐಪಿ65 ಪೆಟ್ಟಿಗೆ. ಈ ಕನೆಕ್ಟರಿಗೆ ತಂತಿಯ ಸಿಪ್ಪೆ ಸುಲಿಯಬಾರದು. ಹಾಗೇ ಕೊನೆಯವರೆಗೆ ತೂರಿಸಿ ಒತ್ತಿದರೆ ಒಳಗಿನ ಬ್ಲೇಡ್ ಸಿಪ್ಪೆ ಸೀಳಿ ತಾಮ್ರ ಹಿಡಿಯುತ್ತದೆ, ಜೆಲ್ಲಿ ಸುತ್ತ ತುಂಬಿಕೊಳ್ಳುತ್ತದೆ. ಒಂದೊಂದೇ ಜೋಡಿ ಬಿಡಿಸಿ, ಕಟ್ಟಿ, ಮುಗಿಸಿ, ಆಮೇಲೆ ಮುಂದಿನದು. ಐದನ್ನೂ ಒಟ್ಟಿಗೆ ಬಿಚ್ಚಿ ಹರಡಿಕೊಂಡರೆ ಬಿಳಿಗಳು ಮತ್ತೆ ಬೆರೆಯುತ್ತವೆ. ಬಿಚ್ಚಿದ ತಿರುಚು 3 ಸೆಂಟಿಮೀಟರ್ ಮೀರದಂತೆ ನೋಡಿಕೊಳ್ಳಬೇಕು. ಪೆಟ್ಟಿಗೆಗೆ ಕೇಬಲ್ ಕೆಳಗಿನಿಂದಲೇ ಹೊಗಬೇಕು, ಹೊಗುವ ಮೊದಲು ಒಂದು ಬಳುಕು ಇಳಿಬಿಡಬೇಕು. ಇಲ್ಲವಾದರೆ ಮಳೆನೀರು ತಂತಿಯನ್ನೇ ಹಿಡಿದು ಒಳಗೆ ಬರುತ್ತದೆ.

ಮತ್ತೆ ಅಳೆದಾಗ ಬಿಳಿ–ಕಿತ್ತಳೆ 20 ನ್ಯಾನೋಫ್ಯಾರಡ್. ಬಿಳಿ–ಹಸಿರಿನ ಓಮ್ 74ಕ್ಕೆ ಇಳಿಯಿತು. ಬಿಳಿ–ನೀಲಿ ಮಾತ್ರ 20ರ ಬದಲು ಒಂದು ಚೂರು ಜಾಸ್ತಿ, 20.6. ಅದನ್ನು ಅಂದು ಕಡೆಗಣಿಸಿದ್ದು ತಪ್ಪಾಯಿತು.

ಏಪ್ರಿಲ್ 20: ಮೊದಲ ಸಿಂಕ್

ಬಿಳಿ–ನೀಲಿಗೆ ಮೋಡೆಮ್ ಕೊಟ್ಟು, 30ಎ ಪ್ರೊಫೈಲ್‌ನಲ್ಲಿ (30 ಮೆಗಾಹರ್ಟ್ಸ್ ತನಕದ ಆವರ್ತನ ಬಳಸುವ ಕ್ರಮ) ಸಿಂಕ್, ಅಂದರೆ ಎರಡು ಮೋಡೆಮ್ ಒಂದಕ್ಕೊಂದು ಹೊಂದಿಕೊಳ್ಳುವುದು: ಒಂದು ನಿಮಿಷದೊಳಗೆ ದೀಪ ನಿಂತಿತು, 41/12 ಎಂಬಿಪಿಎಸ್ (ಮೊದಲನೆಯದು ಸಿಒದಿಂದ ಸಿಪಿಇ ಕಡೆಗೆ, ಎರಡನೆಯದು ಎದುರು ದಿಕ್ಕಿಗೆ). ಈ ದೂರಕ್ಕೆ ಇದು ಕಡಿಮೆ. ಯಾವ ಆವರ್ತನದಲ್ಲಿ ಎಷ್ಟು ಬಿಟ್ ಹೋಗುತ್ತಿದೆ ಎಂದು ತೋರಿಸುವ ವೆಬ್ ಪುಟದ ಬಿಟ್ ನಕ್ಷೆಯಲ್ಲಿ 4.2 ಮೆಗಾಹರ್ಟ್ಸ್ ಹತ್ತಿರ ಒಂದು ಹೊಂಡ, 12.5ರ ಹತ್ತಿರ ಇನ್ನೊಂದು.

ಒಂದು ಆವರ್ತನದಲ್ಲಿ ಮತ್ತು ಅದರ ಮೂರು ಪಟ್ಟಿನಲ್ಲಿ ಹೊಂಡ ಬಿದ್ದರೆ ಲೈನಿಗೆ ಎಲ್ಲೋ ಕವಲು ಇದೆ ಎಂದರ್ಥ. ಕವಲಿನ ತುದಿ ತೆರೆದಿದ್ದರೆ ಸಿಗ್ನಲ್ ಅಲ್ಲಿಯವರೆಗೆ ಹೋಗಿ, ಬಡಿದು, ಹಿಂದೆ ಬಂದು ಮೂಲ ಸಿಗ್ನಲ್‌ಗೇ ಎದುರಾಗುತ್ತದೆ. ಕವಲಿನ ಉದ್ದ ಕಾಲು ತರಂಗವಾಗುವ ಆವರ್ತನದಲ್ಲಿ ಎರಡೂ ಪರಸ್ಪರ ಕಳೆದುಹೋಗುತ್ತವೆ. ಕೇಬಲ್‌ನಲ್ಲಿ ಸಿಗ್ನಲಿನ ವೇಗ ಸೆಕೆಂಡಿಗೆ ಸುಮಾರು 20 ಕೋಟಿ ಮೀಟರ್. ಅದನ್ನು 4 ಮತ್ತು 42 ಲಕ್ಷದ ಗುಣಲಬ್ಧದಿಂದ ಭಾಗಿಸಿದರೆ 12 ಮೀಟರ್. ಗೋದಾಮಿನಿಂದ ಕಾವಲುಗಾರನ ಕೋಣೆಗೆ ಹೋದ ಹಳೆ ಫೋನಿನ ತಂತಿ ಸರಿಯಾಗಿ ಅಷ್ಟೇ ಉದ್ದ. ಮೊನ್ನೆಯ 0.6 ನ್ಯಾನೋಫ್ಯಾರಡ್ ಕೂಡ ಅದರದೇ. ಫೋನ್ ತೆಗೆದಿದ್ದರು, ತಂತಿ ಬಿಟ್ಟಿದ್ದರು. ಕವಲನ್ನು ಬುಡದಲ್ಲೇ ಕತ್ತರಿಸಬೇಕು. ತುದಿಯಲ್ಲಿ ಕತ್ತರಿಸಿದರೆ ಕವಲು ಕವಲಾಗಿಯೇ ಉಳಿಯುತ್ತದೆ.

ಕತ್ತರಿಸಿದ ಮೇಲೆ 78/46.

ಗೋಡೆಯಿಂದ ಮೋಡೆಮಿಗೆ ಪೆಟ್ಟಿಗೆಯಲ್ಲಿ ಬರುವ ಚಪ್ಪಟೆ ಆರ್‌ಜೆ-11 ಕಾರ್ಡ್ ಹಾಕಬೇಡಿ. ಅದರ ತಂತಿಗಳಿಗೆ ತಿರುಚೇ ಇಲ್ಲ. ಕ್ಯಾಟ್5ಇ ಕೇಬಲಿನ ಒಂದು ಜೋಡಿಯನ್ನು ನಡುವಿನ ಎರಡು ಪಿನ್ನಿಗೆ ಕ್ರಿಂಪ್ ಮಾಡಿದರೆ ಸಾಕು, ಉದ್ದ 2 ಮೀಟರಿನೊಳಗೆ ಇರಲಿ.

ಏಪ್ರಿಲ್ 27: ಯಾವ ತುದಿ ಸಿಒ?

ಇಂಟರ್ನೆಟ್ ಇರುವ ಕಡೆ ಸಿಒ ಇಡುವುದು ರೂಢಿ, ಏಕೆಂದರೆ ವಿಡಿಎಸ್‌ಎಲ್‌ನಲ್ಲಿ ಸಿಒದಿಂದ ಸಿಪಿಇ ಕಡೆಗಿನ ದಾರಿ ಅಗಲ. ಇಲ್ಲಿ ದಟ್ಟಣೆ ತಿರುವುಮುರುವು. 8 ಕ್ಯಾಮೆರಾ, ಒಂದಕ್ಕೆ 4 ಎಂಬಿಪಿಎಸ್, ಒಟ್ಟು 32, ಅಷ್ಟೂ ಗೋದಾಮಿನಿಂದ ಆಫೀಸಿನ ಕಡೆಗೆ. ಎದುರು ದಿಕ್ಕಿನಲ್ಲಿ ಬಿಲ್ಲಿಂಗ್, ಹಾಜರಿ, ಏನೂ ಅಲ್ಲ. ಹಾಗಾಗಿ ಸಿಒ ಗೋದಾಮಿಗೆ, ಸಿಪಿಇ ಆಫೀಸಿಗೆ. ಒಂದು ಸ್ವಿಚ್ ಅಷ್ಟೇ, ಆದರೆ ಕ್ಯಾಮೆರಾ ಕೆಲಸದಲ್ಲಿ ಇದನ್ನು ಯೋಚಿಸದೆ ಬಿಟ್ಟು ಆಮೇಲೆ ಚಿತ್ರ ಒಡೆಯುತ್ತದೆ ಎನ್ನುವುದು ತುಂಬ ಸಾಮಾನ್ಯ. ಡಿಪ್ ಸ್ವಿಚ್ ಬದಲಿಸಿದ ಮೇಲೆ ಪವರ್ ತೆಗೆದು ಹಾಕಬೇಕು; ಚಾಲೂ ಇರುವಾಗ ಬದಲಿಸಿದ್ದನ್ನು ಪೆಟ್ಟಿಗೆ ಓದುವುದಿಲ್ಲ.

ಪಂಪ್ ಚಾಲೂ ಆದಾಗಲೆಲ್ಲ ಲೈನ್ ಬೀಳುತ್ತಿತ್ತು. ಬೋರಿನ ಸ್ಟಾರ್ಟರ್ ಇರುವುದು ಕೇಬಲಿನಿಂದ ಒಂದು ಮೀಟರ್ ದೂರದಲ್ಲಿ. ಮೋಡೆಮಿನಲ್ಲಿ ಫಾಸ್ಟ್ ಎಂಬ ಸೆಟ್ಟಿಂಗ್ ಬಿಟ್ಟು ಇಂಟರ್‌ಲೀವ್ ಇಟ್ಟಾಗ ಬೀಳುವುದು ನಿಂತಿತು. ಇಂಟರ್‌ಲೀವ್ ದತ್ತಾಂಶವನ್ನು ಕಾಲದಲ್ಲಿ ಹರಡಿ ಕಳಿಸುತ್ತದೆ, ಆದ್ದರಿಂದ ಒಂದು ಕಿಡಿಯ ಪೆಟ್ಟು ಒಂದೇ ಕಡೆ ಗಾಯ ಮಾಡುವುದಿಲ್ಲ. ಉಳಿದದ್ದನ್ನು ದೋಷ ತಿದ್ದುವ ಸಂಕೇತ ಸರಿಮಾಡುತ್ತದೆ. ಬೆಲೆ: ಪಿಂಗ್ 2 ಮಿಲಿಸೆಕೆಂಡಿನಿಂದ 13ಕ್ಕೆ ಏರಿತು. ಕ್ಯಾಮೆರಾಕ್ಕೆ ಅದು ಲೆಕ್ಕವಲ್ಲ. ತೋಟದ ಸೋಲಾರ್ ಬೇಲಿಯ ಯಂತ್ರ ಹತ್ತಿರ ಇದ್ದರೂ ಇದೇ ಮದ್ದು. ಅದು ಸೆಕೆಂಡಿಗೊಮ್ಮೆ ಹೊಡೆಯುತ್ತದೆ.

ಪ್ರೊಫೈಲ್ 30ಎ ಬಿಟ್ಟು 17ಎಗೆ ಇಳಿಸಿದ್ದು. 400 ಮೀಟರ್ ದಾಟುವಾಗ 17 ಮೆಗಾಹರ್ಟ್ಸ್ ಮೇಲಿನ ಟೋನ್‌ಗಳಲ್ಲಿ (ಬಿಟ್‌ಗಳನ್ನು ಹೊರುವ ಸಣ್ಣ ಆವರ್ತನ ಪಟ್ಟಿಗಳು) ಹೆಚ್ಚೇನೂ ಉಳಿದಿರುವುದಿಲ್ಲ, ಮತ್ತು ಮಳೆಗಾಲದಲ್ಲಿ ಮೊದಲು ಅಲುಗುವುದು ಅವೇ. ಎಸ್‌ಎನ್‌ಆರ್ ಮಾರ್ಜಿನ್ (ಗದ್ದಲ ಏರಿದರೆ ತಡೆಯಲೆಂದು ಬಿಟ್ಟುಕೊಳ್ಳುವ ಅಂತರ) 6ರಿಂದ 9 ಡೆಸಿಬೆಲ್‌ಗೆ. ಪ್ರತಿ 3 ಡೆಸಿಬೆಲ್‌ಗೆ ಒಂದು ಟೋನ್ ಸುಮಾರು ಒಂದು ಬಿಟ್ ಬಿಟ್ಟುಕೊಡುತ್ತದೆ; 17ಎಯಲ್ಲಿ 4096 ಟೋನ್, ಸೆಕೆಂಡಿಗೆ 4000 ಸಂಕೇತ, ಅಂದರೆ ಎರಡೂ ದಿಕ್ಕು ಸೇರಿ ಅತಿ ಹೆಚ್ಚೆಂದರೆ 16 ಎಂಬಿಪಿಎಸ್ ನಷ್ಟ. ಸಿಂಕ್ 64/27ರಲ್ಲಿ ನಿಂತಿತು. ವೇಗ ಅಳೆಯುವ ಐಪರ್ಫ್‌ನಲ್ಲಿ ನಿಜವಾಗಿ ಸಿಕ್ಕಿದ್ದು 59/25. ಬೇಕಾದ್ದು 32, ಆದ್ದರಿಂದ ಧಾರಾಳ.

ನೆಟ್‌ವರ್ಕ್ ಕಡೆ ಹೆಚ್ಚು ಕೆಲಸವಿಲ್ಲ, ಪೆಟ್ಟಿಗೆಗಳು ಬರೀ ಬ್ರಿಜ್, ಬಂದದ್ದನ್ನು ಹಾಗೇ ದಾಟಿಸುತ್ತವೆ. ಎರಡಕ್ಕೂ ಕಾರ್ಖಾನೆಯಿಂದ ಬರುವ ವಿಳಾಸ ಒಂದೇ ಇರುತ್ತದೆ, ಜೋಡಿಸುವ ಮೊದಲು ಒಂದನ್ನು ಬದಲಿಸಬೇಕು. ಕ್ಯಾಮೆರಾ ಒಂದು ವಿಲ್ಯಾನ್ (ಒಂದೇ ತಂತಿಯೊಳಗೆ ಬೇರೆಯಾಗಿ ಇಟ್ಟ ನೆಟ್‌ವರ್ಕ್), ಬಿಲ್ಲಿಂಗ್ ಇನ್ನೊಂದು. ಅದರ ಗುರುತಿನ ಟ್ಯಾಗ್ ಸೇರಿದರೆ ಫ್ರೇಮ್ 1522 ಬೈಟ್ ಆಗುತ್ತದೆ. ಪೆಟ್ಟಿಗೆ ಅದನ್ನು ಬಿಡುತ್ತದೆಯೋ ಎಂದು ತುಂಡು ಮಾಡಬಾರದೆಂದು ಹೇಳಿ 1472 ಬೈಟಿನ (ಹೆಡರ್, ಟ್ಯಾಗ್ ಎಲ್ಲ ಸೇರಿ ಅಷ್ಟೇ ಆಗುವ) ಪಿಂಗ್ ಕಳಿಸಿ ನೋಡಿದ್ದು, ದಾಟಿತು. ಹಳೆಯ ವೈರ್‌ಲೆಸ್ ಬ್ರಿಜ್ ಇನ್ನೂ ಚಾಲೂ ಇದ್ದರೆ ತೆಗೆಯಿರಿ, ಎರಡು ದಾರಿ ಸೇರಿ ಸುತ್ತು ಬೀಳುತ್ತದೆ.

ಮೇ 11: ಸಿಡಿಲಿಗೆ

ಪತ್ತನಾಜೆಗೆ (ಮೇ ಕೊನೆಯ ವಾರದ ಹೊತ್ತಿಗೆ ಬರುವ ತುಳುನಾಡಿನ ಆಚರಣೆಯ ದಿನ) ಮೊದಲು ಮುಗಿಸಬೇಕಾದ ಕೆಲಸ. ಇದುವರೆಗೆ ಮಧ್ಯಾಹ್ನ ಮೋಡ ಕಟ್ಟಿದಾಗಲೆಲ್ಲ ಎರಡೂ ಕಡೆ ಲೈನ್ ಕಿತ್ತಿಡಬೇಕಾಗುತ್ತಿತ್ತು.

ಎರಡು ಕಟ್ಟಡಗಳ ನಡುವೆ ತಾಮ್ರ ಹೋದರೆ ಸಿಡಿಲು ನೇರ ತಂತಿಗೆ ಬೀಳಬೇಕೆಂದಿಲ್ಲ. ಹತ್ತಿರದ ತೆಂಗಿಗೆ ಬಿದ್ದರೂ ಒಂದು ಕಟ್ಟಡದ ಭೂಮಿಯ ವೋಲ್ಟೇಜ್ ಏರಿ, ಅದು ಇಳಿಯಲು ಹುಡುಕುವ ದಾರಿ ನಮ್ಮ ಮೋಡೆಮ್. ಎರಡೂ ತುದಿಯಲ್ಲಿ ಮೂರು ಕಾಲಿನ 230 ವೋಲ್ಟ್ ಗ್ಯಾಸ್ ಟ್ಯೂಬ್ (ವೋಲ್ಟೇಜ್ ಅತಿಯಾದಾಗ ಅದನ್ನು ಭೂಮಿಗೆ ಇಳಿಸುವ ಭಾಗ) ಹಾಕಿದ್ದು. ಅದರ ಕೆಪಾಸಿಟೆನ್ಸ್ ಒಂದೆರಡು ಪಿಕೋಫ್ಯಾರಡ್ ಮಾತ್ರ. ಹಳೆ ಫೋನ್ ಪೆಟ್ಟಿಗೆಯ ಎಂಒವಿ (ಕೆಪಾಸಿಟೆನ್ಸ್ ಜಾಸ್ತಿ ಇರುವ ಇನ್ನೊಂದು ಬಗೆಯ ಸರ್ಜ್ ತಡೆ) ಇರುವ ಪ್ರೊಟೆಕ್ಟರ್ ಹಾಕಿದರೆ ಮೇಲಿನ ಆವರ್ತನಗಳೆಲ್ಲ ಅದರಲ್ಲೇ ಸೋರಿಹೋಗುತ್ತವೆ.

ಗ್ಯಾಸ್ ಟ್ಯೂಬಿನ ಭೂಮಿಗೆ ಬೇರೆ ಗುಂಡಿ ತೋಡಬಾರದು. ಆಯಾ ಕಟ್ಟಡದ ವಿದ್ಯುತ್ ಅರ್ಥಿಂಗ್‌ಗೇ ಸೇರಿಸಬೇಕು; ಬೇರೆ ಬೇರೆ ಇಟ್ಟರೆ ಎರಡರ ನಡುವಿನ ವೋಲ್ಟೇಜ್ ಮೋಡೆಮಿನ ಒಳಗೆ ಜಗಳ ತೀರಿಸಿಕೊಳ್ಳುತ್ತದೆ. ತಂತಿ ನೇರ, ಗಿಡ್ಡ. ಒಂದು ಮೀಟರ್ ತಂತಿಗೆ ಸುಮಾರು ಒಂದು ಮೈಕ್ರೋಹೆನ್ರಿ. ಮೈಕ್ರೋಸೆಕೆಂಡಿಗೆ ಒಂದು ಕಿಲೋಆಂಪಿಯರ್ ಏರುವ ಪ್ರವಾಹಕ್ಕೆ ಆ ಒಂದು ಮೀಟರಿನಲ್ಲೇ 1000 ವೋಲ್ಟ್ ಹುಟ್ಟುತ್ತದೆ. ಇಲ್ಲಿ 40 ಸೆಂಟಿಮೀಟರ್‌ನಲ್ಲಿ ಮುಗಿಸಿದ್ದು. ಗೋದಾಮಿನ ಅರ್ಥಿಂಗ್ ಮುರಕಲ್ಲಿನಲ್ಲಿ ಒಣಗಿ ನಿಂತಿತ್ತು. ಗುಂಡಿಗೆ ಇದ್ದಿಲು, ಉಪ್ಪು, ನೀರು ಹಾಕಿ ಸರಿಮಾಡಬೇಕಾಯಿತು.

ಇನ್ನೊಂದು ಬೇಲಿ: ಆಫೀಸಿನ ಮೋಡೆಮ್ ಮತ್ತು ಮುಖ್ಯ ಸ್ವಿಚ್ ನಡುವೆ ಎರಡು ಮೀಡಿಯಾ ಕನ್ವರ್ಟರ್ (ತಾಮ್ರದ ಸಿಗ್ನಲನ್ನು ಬೆಳಕಾಗಿ ಬದಲಿಸುವ ಪೆಟ್ಟಿಗೆ), ಅವುಗಳ ನಡುವೆ 3 ಮೀಟರ್ ಫೈಬರ್ ಪ್ಯಾಚ್ ಕಾರ್ಡ್. ಮೋಡೆಮ್ ಸುಟ್ಟರೂ ಆ ಹೊಡೆತ ನೆಟ್‌ವರ್ಕ್ ತಂತಿ ಹಿಡಿದು ರೆಕಾರ್ಡರ್ ತನಕ ಬರುವುದಿಲ್ಲ. ಮೋಡೆಮ್ ಬದಿಯ ಕನ್ವರ್ಟರಿನ ಅಡಾಪ್ಟರನ್ನು ಸ್ವಿಚ್ಚಿನ ಪವರ್ ಪಟ್ಟಿಗೆ ಚುಚ್ಚಬೇಡಿ. ಕರೆಂಟ್ ಹೋದಾಗ ಎರಡೂ ಮೋಡೆಮ್ 12 ವೋಲ್ಟ್ ಮಿನಿ ಯುಪಿಎಸ್ ಮೇಲೆ.

ಜೂನ್ 22: ಮಳೆಯಲ್ಲಿ

ಎರಡು ವಾರ ಬಿಡದೆ ಮಳೆ. ಸಿಂಕ್ 61/25, ಮಾರ್ಜಿನ್ 9ರಿಂದ 7.5ಕ್ಕೆ ಇಳಿದು ಅಲ್ಲಿಯೇ ನಿಂತಿದೆ. ಬಿಳಿ–ನೀಲಿಯ ಇನ್ಸುಲೇಷನ್ ಇನ್ನೂ 10 ಮೆಗಾಓಮ್ ಮೇಲಿದೆ. ಮೆಗ್ಗರ್ ಹಾಕುವ ಮೊದಲು ಎರಡೂ ಮೋಡೆಮನ್ನೂ ಗ್ಯಾಸ್ ಟ್ಯೂಬನ್ನೂ ಬಿಡಿಸಬೇಕು, ಇಲ್ಲದಿದ್ದರೆ ಅದರ 500 ವೋಲ್ಟ್ ಅವಕ್ಕೆ ಹೋಗುತ್ತದೆ. ಬಿಳಿ–ಕಿತ್ತಳೆಯನ್ನು ಎರಡೂ ತುದಿಯಲ್ಲಿ ಕ್ರಿಂಪ್ ಮಾಡಿ, ಹೆಸರು ಬರೆದು ಬದಲಿಗೆಂದು ಇಟ್ಟಾಗಿದೆ. ಸೆಪ್ಟೆಂಬರ್ ಕೊನೆಗೆ, ಹಿಂಗಾರಿನ ಗುಡುಗು ಶುರುವಾಗುವ ಮೊದಲು, ಗ್ಯಾಸ್ ಟ್ಯೂಬ್ ನಾಲ್ಕನ್ನು ತಂದು ಇಟ್ಟುಕೊಂಡು ಜಂಕ್ಷನ್ ಪೆಟ್ಟಿಗೆ ಮತ್ತೊಮ್ಮೆ ತೆರೆದು ನೋಡುವುದು ಬಾಕಿ.