ಅಕ್ಕನಿಗೆ ಬೇಡವೆಂದದ್ದನ್ನು ನನಗೆ ಕೊಡಿ ಎಂದರು

ನನ್ನ ಮಗನಿಗೆ ಆರು ತಿಂಗಳು ತುಂಬಿದಾಗ, ಕಡಲೆಕಾಯಿಯನ್ನು ನುಣ್ಣಗೆ ಅರೆದು ತೆಳ್ಳಗೆ ಕದಡಿ ತಿನ್ನಿಸಲು ಶುರುಮಾಡಿ ಎಂದು ಮಕ್ಕಳ ವೈದ್ಯರು ಹೇಳಿದರು. ಅದನ್ನು ಕೇಳಿ ಅಕ್ಕ ಗಾಬರಿಯಾದಳು. 2003ರಲ್ಲಿ ಹುಟ್ಟಿದ ಅವಳ ಮಗಳಿಗೆ ಇಸುಬು ಇದ್ದ ಕಾರಣ, ಮೂರು ವರ್ಷದವರೆಗೆ ಕಡಲೆಕಾಯಿಯನ್ನು ಮುಟ್ಟಿಸಲೇಬಾರದೆಂದು ಆಗಿನ ವೈದ್ಯರು ಕಟ್ಟುನಿಟ್ಟಾಗಿ ತಿಳಿಸಿದ್ದರು. ಇಬ್ಬರೂ ಓದಿ ತಿಳಿದವರೇ. ಆದರೂ ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ತದ್ವಿರುದ್ಧ. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ಓದಿದಾಗ ತಿಳಿದದ್ದೇನೆಂದರೆ, ಅಲರ್ಜಿಯ ಸಾಧ್ಯತೆ ಹೆಚ್ಚಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಕಡಲೆಕಾಯಿ ಬೇಡವೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2000ರಲ್ಲಿ ಸಲಹೆ ನೀಡಿತ್ತು ಮತ್ತು ಅದಕ್ಕೆ ತಕ್ಕ ಆಧಾರವಿಲ್ಲವೆಂದು 2008ರಲ್ಲಿ ಹಿಂತೆಗೆದುಕೊಂಡಿತ್ತು. ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ 640 ಶಿಶುಗಳ ಮೇಲೆ ಲಂಡನ್ನಿನಲ್ಲಿ ನಡೆದ ಅಧ್ಯಯನದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಐದು ವರ್ಷದವರೆಗೆ ಕಡಲೆಕಾಯಿಯನ್ನು ದೂರವಿಟ್ಟ ಗುಂಪಿನಲ್ಲಿ ಶೇ. 17.2ರಷ್ಟು ಮಕ್ಕಳಿಗೆ ಅದರ ಅಲರ್ಜಿ ಬಂದಿದ್ದರೆ, ಮೊದಲಿನಿಂದ ತಿನ್ನುತ್ತ ಬಂದವರಲ್ಲಿ ಅದು ಶೇ. 3.2 ಮಾತ್ರ. ಅಕ್ಕನಿಗೆ ಸಿಕ್ಕಿದ್ದು ಆ ಕಾಲದ ಎಚ್ಚರಿಕೆ, ನನಗೆ ಸಿಕ್ಕಿದ್ದು ಪರೀಕ್ಷಿಸಿ ಕಂಡುಕೊಂಡ ಉತ್ತರ. (ತೀವ್ರ ಇಸುಬಿರುವ ಮಗುವಿಗೆ ಮಾತ್ರ ವೈದ್ಯರನ್ನು ಕೇಳದೆ ಕೊಡಬಾರದು, ಇಡೀ ಬೀಜ ಉಸಿರುನಾಳಕ್ಕೆ ಸಿಕ್ಕಿಕೊಳ್ಳುವುದರಿಂದ ಅದನ್ನು ಯಾವ ಶಿಶುವಿಗೂ ಕೊಡಬಾರದು.)

ಅಮ್ಮನೊಂದಿಗಿನ ಭಿನ್ನಾಭಿಪ್ರಾಯ ಇನ್ನೂ ಸೂಕ್ಷ್ಮವಾಗಿತ್ತು. ಅಂಗಾತ ಮಲಗಿಸಿದರೆ ಕಕ್ಕಿದ ಹಾಲು ಗಂಟಲಿಗೆ ಅಡರುತ್ತದೆಂದು ಹೆದರಿ, ಅವಳು ಮಗುವನ್ನು ಬೋರಲು ಮಲಗಿಸುತ್ತಿದ್ದಳು. ಅದು ಅವಳ ಕಲ್ಪನೆಯಲ್ಲ, ಅವಳ ಕಾಲದ ವೈದ್ಯರೇ ಕಲಿಸಿದ ಪಾಠ. ಅಂಗಾತ ಮಲಗಿದಾಗ ಉಸಿರುನಾಳವು ಅನ್ನನಾಳದ ಮೇಲಿರುತ್ತದೆ, ಹಾಗಾಗಿ ಕಕ್ಕಿದ್ದು ಮೇಲೇರಿ ಅದರೊಳಗೆ ಹೋಗುವುದು ಕಷ್ಟವೆಂದು ನಾನು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. ಅಮೆರಿಕದಲ್ಲಿ ಶಿಶುಗಳನ್ನು ಅಂಗಾತ ಮಲಗಿಸಬೇಕೆಂಬ ಪ್ರಚಾರ 1994ರಲ್ಲಿ ಆರಂಭವಾದ ನಂತರದ ವರ್ಷಗಳಲ್ಲಿ, ನಿದ್ದೆಯಲ್ಲಿಯೇ ಕಾರಣ ತಿಳಿಯದೆ ಸಂಭವಿಸುವ ಶಿಶುಮರಣಗಳು ಸುಮಾರು ಅರ್ಧಕ್ಕೆ ಇಳಿದದ್ದನ್ನೂ ಹೇಳಿದೆ. ಅಮ್ಮ ಬಹಳ ಹೊತ್ತು ಮಾತನಾಡಲಿಲ್ಲ. ನಂತರ, "ಹಾಗಾದರೆ ನಿಮ್ಮಿಬ್ಬರನ್ನೂ ನಾನು ಬೋರಲು ಮಲಗಿಸಿದ್ದೆನಲ್ಲ" ಎಂದಳು. ಅವಳ ಮುಖದಲ್ಲಿದ್ದ ಭಯವನ್ನು ಕಂಡ ಮೇಲೆ, ಇಂಥ ವಿಷಯಗಳಲ್ಲಿ ಗೆಲ್ಲುವ ಧಾಟಿಯಲ್ಲಿ ಮಾತನಾಡುವುದನ್ನು ನಾನು ಬಿಟ್ಟೆ.

ಸ್ನಾನ ಬೆಳಿಗ್ಗೆಯೋ ಸಂಜೆಯೋ, ಅತ್ತ ಕೂಡಲೇ ಎತ್ತಿಕೊಳ್ಳಬೇಕೋ ಎಂಬಂಥವುಗಳಲ್ಲಿ ಮನೆಯವರ ಮಾತಿಗೆ ಒಪ್ಪುತ್ತೇನೆ. ಅಲ್ಲಿ ಮಗುವಿಗೆ ಅಪಾಯವಿಲ್ಲ. ಜ್ವರದ ವಿಷಯದಲ್ಲಿ ಒಬ್ಬ ವೈದ್ಯರು ಕೂಡಲೇ ಔಷಧಿ ಕೊಡಿ ಎಂದರೆ ಇನ್ನೊಬ್ಬರು ಕಾದು ನೋಡಿ ಎನ್ನುತ್ತಿದ್ದರು. ಔಷಧಿ ಇರುವುದು ಥರ್ಮಾಮೀಟರಿನ ಅಂಕಿಯನ್ನು ಇಳಿಸಲಿಕ್ಕಲ್ಲ, ಮಗುವಿನ ಸಂಕಟವನ್ನು ಕಡಿಮೆ ಮಾಡಲಿಕ್ಕೆ ಎಂದು ತಿಳಿದಾಗ ಅವರಿಬ್ಬರ ಮಾತಿಗೂ ಹೊಂದಿಕೆ ಕಾಣಿಸಿತು. ಆದರೆ ಮೂರು ತಿಂಗಳೊಳಗಿನ ಶಿಶುವಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಜ್ವರವಿದ್ದರೆ, ನಡುರಾತ್ರಿಯಾದರೂ ಮನೆಯಲ್ಲಿ ಯಾರ ಸಲಹೆಯನ್ನೂ ಕೇಳುತ್ತ ಕೂರದೆ ಆಸ್ಪತ್ರೆಗೆ ಹೊರಡಬೇಕು. ಈ ಒಂದು ಮಾತಿಗೆ ಅಕ್ಕ, ಅಮ್ಮ, ನಾನು ಮೂವರೂ ಮೊದಲಿನಿಂದಲೇ ಒಪ್ಪಿದ್ದೆವು.